ನಲವತ್ತೊಂದನೆಯ ಪದ್ಯದ ಜಾಗ

ಮಾರ್ಚ್ 3, ಸೋಮವಾರ

ಅಮ್ಮನ ಕಪಾಟು ಖಾಲಿ ಮಾಡುವಾಗ ಈ ಡೈರಿ ಸಿಕ್ಕಿತು. ಯಾವುದೋ ಹಳೆಯ ವರ್ಷದ್ದು, ಒಂದಕ್ಷರ ಬರೆದಿಲ್ಲ. ಅಚ್ಚಾದ ತಾರೀಖುಗಳನ್ನು ಹೊಡೆದುಹಾಕಿ ನನ್ನದನ್ನು ಹಾಕಿಕೊಂಡಿದ್ದೇನೆ. ಮೂವತ್ತು ವರ್ಷ ಬೇರೆಯವರು ಬರೆದದ್ದನ್ನು ಪುಟಕ್ಕೆ ಕೂರಿಸಿದವಳಿಗೆ ಸ್ವಂತದ ನಾಲ್ಕು ಸಾಲು ಬರೆಯಲು ನಾಚಿಕೆ.

ಬರೆಯಲು ದೊಡ್ಡ ಕಾರಣವೇನಿಲ್ಲ, ಮನೆಯಲ್ಲಿ ಮಾತು ಕಡಿಮೆಯಾಗಿದೆ. ಅಮ್ಮ ಹೋಗಿ ಮೂರು ತಿಂಗಳು. ಉಳಿದವರು ನಾನು ಮತ್ತು ತಮ್ಮ, ಇಬ್ಬರಿಗೂ ಐವತ್ತರ ಆಚೀಚೆ, ಇಬ್ಬರೂ ಮದುವೆಯ ಗೋಜಿಗೆ ಹೋಗದವರು. ಕೊನೆಯ ದಿನ ಮಧ್ಯಾಹ್ನವೆಲ್ಲ ಅವನು ಅಮ್ಮನ ಪಕ್ಕ ಕೂತಿದ್ದ. ನಾನು ಪ್ರೆಸ್ಸಿನಲ್ಲಿ ಯಾರದೋ ಪ್ರೂಫು ತಿದ್ದುತ್ತಿದ್ದೆ. ಅಮ್ಮ ಏನಾದರೂ ಹೇಳಿದಳೇ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ಅಳೆದು ಸುರಿದ ಹಾಗಾಗಿದೆ.

ಇವತ್ತು ಮನೆಗೇ ಪುಟವಿನ್ಯಾಸದ ಹೊಸ ಕೆಲಸ ಬಂತು. ತಂದವರು ಒಬ್ಬ ನಿವೃತ್ತ ಮೇಷ್ಟ್ರು. ಕೈಯಲ್ಲಿ ಇಟ್ಟಿಗೆ ತುಂಬಿದಂಥ ಚೀಲ, ನಮ್ಮದು ಮೂರನೇ ಮಹಡಿ. ತಮ್ಮ ಕೆಳಗಿಳಿದು ಹೋಗಿ ಚೀಲ ಎತ್ತಿಕೊಂಡು ಬಂದು ಒಳಗಿಟ್ಟ. “ಇದರೊಳಗೆ ಪುಸ್ತಕ ಇದೆಯೋ ತಿಜೋರಿ ಇದೆಯೋ ಮೇಷ್ಟ್ರೇ” ಅಂದ. ಮೇಷ್ಟ್ರು ನಕ್ಕರು.

ಕೆಲಸ ಇಷ್ಟು. ಅರವತ್ತನಾಲ್ಕು ಹಳೆಯ ಪದ್ಯಗಳು, ಒಂದೊಂದೂ ಮನೆಯ ಒಂದೊಂದು ವಸ್ತುವಿನ ಮೇಲೆ: ಹೊಸ್ತಿಲು, ಒಲೆ, ಪೊರಕೆ, ಕಿಟಕಿ. ಪುಟದ ಎಡಕ್ಕೆ ಮೂಲ, ಬಲಕ್ಕೆ ಮೇಷ್ಟ್ರ ಅನುವಾದ, ಎರಡರ ಕೆಳಗೆ ಅಡ್ಡಲಾಗಿ ಯಾರೋ ಹಿಂದಿನವರು ಬರೆದ ವ್ಯಾಖ್ಯಾನ. ಏಪ್ರಿಲ್ ಹತ್ತಕ್ಕೆ ಪ್ರೆಸ್ಸಿಗೆ ಕೊಡಬೇಕು.

ಮಾರ್ಚ್ 5, ಬುಧವಾರ

ದಿನವೆಲ್ಲ ಕಂಪ್ಯೂಟರಿನಲ್ಲಿ ಟೇಬಲ್, ಅಂದರೆ ಖಾನೆಗಳ ಚೌಕಟ್ಟು, ಹಾಕಿದೆ. ಸುಮ್ಮನೆ ಎರಡು ಕಾಲಂ ಮಾಡಿಬಿಟ್ಟರೆ ಎಡಗಡೆ ಒಂದು ಸಾಲು ಹೆಚ್ಚಾದರೂ ಬಲಗಡೆಯದು ಹಿಂದೆ ಬೀಳುತ್ತದೆ. ಹತ್ತು ಪುಟ ದಾಟುವಷ್ಟರಲ್ಲಿ ಹೊಸ್ತಿಲಿನ ಪದ್ಯದ ಎದುರಿಗೆ ಪೊರಕೆಯ ಅರ್ಥ ಬಂದು ಕೂತಿರುತ್ತದೆ. ಹಾಗಾಗಿ ಗೆರೆ ಕಾಣದ ಟೇಬಲ್. ಪದ್ಯಕ್ಕೊಂದು ಅಡ್ಡಸಾಲು, ಅದರಲ್ಲಿ ಎರಡು ಖಾನೆ, ಕೆಳಗೆ ಎರಡನ್ನೂ ಸೇರಿಸಿದ ಒಂದು ಉದ್ದ ಖಾನೆ ವ್ಯಾಖ್ಯಾನಕ್ಕೆ. ಎಡಗಡೆಯವನು ಎಲ್ಲಿದ್ದಾನೋ ಬಲಗಡೆಯವನೂ ಅಲ್ಲೇ ಇರಬೇಕು, ಒಬ್ಬನನ್ನು ಬಿಟ್ಟು ಇನ್ನೊಬ್ಬ ಮುಂದಿನ ಪುಟಕ್ಕೆ ಹೋಗಬಾರದು.

ಸಂಜೆ ತಮ್ಮ ಬೀಗದಂಗಡಿ ಮುಚ್ಚಿ ಬಂದ. ಮೆಟ್ಟಿಲ ಮೇಲೆ ಅವನ ಶಿಳ್ಳೆ ಕೇಳಿದ ಕೂಡಲೇ ಚಹಾಕ್ಕೆ ನೀರಿಡುವುದು ನನ್ನ ಅಭ್ಯಾಸ. ಅಂಗಿ ಒಳಮೈ ಹೊರಗಾಗಿ ಹಾಕಿಕೊಂಡಿದ್ದ. ಬೆಳಿಗ್ಗೆಯಿಂದ ಹಾಗೇ ಗಿರಾಕಿಗಳನ್ನು ಕಂಡಿದ್ದಾನೆ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಲೋಟಕ್ಕೆ ಬಿದ್ದು, “ಹೋಯ್ತು, ಇನ್ನೊಂದು ಮುಳುಗ್ತು” ಅಂದ. ದಿನಾ ಇದೇ. ಬೀಗ ರಿಪೇರಿ ಹೇಗಿತ್ತು ಎಂದರೆ, “ಬೀಗ ಎಲ್ಲಿ ಕೆಟ್ಟಿರುತ್ತೆ ಅಕ್ಕಯ್ಯಾ, ಜನ ಕೀಲಿ ಕಳ್ಕೊಂಡಿರ್ತಾರೆ ಅಷ್ಟೆ.” ರಾತ್ರಿ ಅವನ ಗೊರಕೆಗೆ ಗೋಡೆ ಬಿರುಕು ಬಿಡದಿದ್ದರೆ ಸಾಕು.

ಮಾರ್ಚ್ 8, ಶನಿವಾರ

ನಲವತ್ತೊಂದನೆಯ ಪದ್ಯ ಇಲ್ಲ. ವ್ಯಾಖ್ಯಾನ ಇದೆ, ಪದ್ಯ ಇಲ್ಲ, ಆದ್ದರಿಂದ ಅನುವಾದವೂ ಇಲ್ಲ. ಹಾಳೆ ಕಳೆದಿರಬೇಕೆಂದು ಮೇಷ್ಟ್ರಿಗೆ ಫೋನ್ ಮಾಡಿದೆ.

“ಕಳೆದಿಲ್ಲಮ್ಮ. ಅದನ್ನ ಯಾರೂ ಬರೆಯಲ್ಲ. ನಾನು ನೋಡಿದ ಏಳು ಪ್ರತಿಗಳಲ್ಲೂ ಅಲ್ಲಿ ನಾಲ್ಕು ಸಾಲಿನ ಜಾಗ ಬಿಟ್ಟಿದ್ದಾರೆ. ನೀವೂ ಬಿಡಿ.”

“ವ್ಯಾಖ್ಯಾನದಲ್ಲಿ ಪದ ಪದಕ್ಕೂ ಅರ್ಥ ಹೇಳಿದ್ದಾರಲ್ಲ ಮೇಷ್ಟ್ರೇ. ಆ ಪದಗಳನ್ನೇ ಸಾಲಾಗಿ ಜೋಡಿಸಿದರೆ ಪದ್ಯ ಬಂದ ಹಾಗಲ್ಲವಾ?”

“ಬರುತ್ತೆ. ಮೂಲ ಕಳೆದುಹೋದ ಎಷ್ಟೋ ಪುಸ್ತಕಗಳನ್ನ ಹಾಗೇ ಕಟ್ಟಿದ್ದಾರೆ. ಆದರೆ ವ್ಯಾಖ್ಯಾನಕಾರ ಎಷ್ಟು ಬರೆದಿದ್ದಾನೋ ಅಷ್ಟೇ ಸಿಗೋದು. ಅವನು ‘ಇದು ಸ್ಪಷ್ಟ’ ಅಂತ ಬಿಟ್ಟ ಪದ ಹೋಯ್ತು ಅಂದ್ರೆ ಹೋಯ್ತು. ಇದನ್ನಂತೂ ಕಟ್ಟಬೇಡಿ.”

ಫೋನ್ ಇಟ್ಟು ಓದಿದೆ. ಪದ್ಯ ವಸ್ತುವಿನ ಮೇಲಲ್ಲ, ಮನೆಯಲ್ಲಿ ಒಡನಿರುವವರ ಮೇಲೆ. “ಮೆಟ್ಟಿಲ ಸದ್ದು: ಕಾಣುವ ಮೊದಲೇ ಬಂದನೆಂದು ತಿಳಿಯುವುದು. ಎರಡನೆಯ ಲೋಟ: ಕೇಳದೆ ತುಂಬಿಸುವುದು. ಹೆಸರಿಲ್ಲದೆ: ಒಂದೇ ಸೂರಿನಡಿ ಇರುವವರು ಹೆಸರು ಹಿಡಿದು ಕರೆಯುವುದು ಕಡಿಮೆ.” ಕಡೆಯಲ್ಲಿ ಒಂದು ಒಣ ಸಾಲು: “ಇಲ್ಲಿ ಜಾಗ ಬಿಡುವುದು ವಾಡಿಕೆ. ಈ ಜಾಗ ತುಂಬಿದಲ್ಲಿ ಇನ್ನೊಂದು ಖಾಲಿಯಾಗುತ್ತದೆ.”

ಹಿಂದಿನವರಿಗೆ ಹೆದರಿಸುವುದೆಂದರೆ ಬಲು ಖುಷಿ.

ಮಾರ್ಚ್ 12, ಬುಧವಾರ

ಇವತ್ತು ತಮ್ಮ ಹೇಳಿದ.

ಮಧ್ಯಾಹ್ನ ಊಟಕ್ಕೆ ಬಂದವನು ತಿನ್ನುತ್ತಾ ತಿನ್ನುತ್ತಾ ಚಮಚ ಕೆಳಗಿಟ್ಟ. “ಕೊನೆಗೆ ಅಮ್ಮ ನಿನ್ನ ಬಗ್ಗೆ ಒಂದು ಮಾತು ಹೇಳಿದ್ರು ಅಕ್ಕಯ್ಯಾ” ಅಂದ. ನನ್ನ ಜೀವ ಬಾಯಿಗೆ ಬಂತು. ಪ್ರೆಸ್ಸಿಗೆ ಹೋದದ್ದಕ್ಕೆ ಬೈದಿರುತ್ತಾಳೆ ಎಂದೇ ಮೂರು ತಿಂಗಳು ಒಳಗೊಳಗೆ ಬೆಂದಿದ್ದೆ. ಹೇಳಿದ. ಒಂದೇ ವಾಕ್ಯ. ಆಮೇಲೆ, “ಇಷ್ಟು ದಿನ ಹೇಳೋಕೆ ಧೈರ್ಯ ಬರ್ಲಿಲ್ಲ, ನೀನು ಅತ್ತುಬಿಡ್ತೀಯ ಅಂತ” ಅಂದ. ನಾನು ಅತ್ತೆ, ನಕ್ಕೆ, ಮತ್ತೆ ಅತ್ತೆ. ಅವನು ಅಂಗಡಿಗೆ ಹೋಗುವುದನ್ನೇ ಮರೆತು ಕೂತಿದ್ದ.

ಆ ವಾಕ್ಯವನ್ನು ಇಲ್ಲಿ ಬರೆಯುವುದಿಲ್ಲ. ಬರೆದಿಟ್ಟುಕೊಳ್ಳಬೇಕಾದ ಮಾತೇ ಅಲ್ಲ ಅದು, ಸತ್ತರೂ ಮರೆಯಲಾರೆ. ಇವತ್ತು ಎದೆ ಹಗುರವಾಗಿದೆ.

ಮಾರ್ಚ್ 14, ಶುಕ್ರವಾರ

ನಲವತ್ತೊಂದು ಕೈ ಕೊಡುತ್ತಿದೆ. ಖಾನೆ ಖಾಲಿಯಾದ್ದರಿಂದ ಮುದುಡಿಕೊಳ್ಳುತ್ತದೆ, ಕೆಳಗಿನ ವ್ಯಾಖ್ಯಾನ ಮೇಲೇರುತ್ತದೆ, ಅಲ್ಲಿಂದ ಮುಂದಿನ ಪುಟಗಳೆಲ್ಲ ಎಡವಟ್ಟು. ಖಾನೆಗೆ ಇಷ್ಟೇ ಎತ್ತರವೆಂದು ಕಟ್ಟಿ ನಿಲ್ಲಿಸಿದರೆ ಫಾಂಟು ಬದಲಿಸಿದಾಗ ಅಳತೆ ತಪ್ಪುತ್ತದೆ. ಮೇಷ್ಟ್ರು ಈಗಾಗಲೇ ಮೂರು ಸಲ ಫಾಂಟು ಬದಲಿಸಿದ್ದಾರೆ.

ನಮ್ಮ ಕಸುಬಿನ ಹಳೆಯ ಉಪಾಯ ಮಾಡಿದೆ. ಖಾಲಿ ಜಾಗ ಬೇಕಾದಲ್ಲಿ ಅದೇ ಅಳತೆಯ ಮಾತುಗಳನ್ನು ತುಂಬಿ ಅಕ್ಷರದ ಬಣ್ಣ ಬಿಳಿ ಮಾಡಿಬಿಡುವುದು. ಕಾಗದ ಬಿಳಿ, ಅಕ್ಷರ ಬಿಳಿ, ಅಚ್ಚಿನಲ್ಲಿ ಏನೂ ಕಾಣುವುದಿಲ್ಲ, ಜಾಗ ಮಾತ್ರ ಗಟ್ಟಿ ನಿಲ್ಲುತ್ತದೆ. ತುಂಬಲು ಕೈಗೆ ಸಿಕ್ಕಿದ್ದು ವ್ಯಾಖ್ಯಾನದ ಆ ಪದಗಳೇ. ಒಂದೊಂದಾಗಿ ಎತ್ತಿ ಎಡಗಡೆ ಹಾಕಿದೆ, ಸರಿಯಾಗಿ ನಾಲ್ಕು ಸಾಲಾಯಿತು. ಹೊಂದಿಸಿ ಕತ್ತರಿಸಿದಂತೆ ಕೂತವು. ಬಿಳಿ ಮಾಡಿದೆ.

ತಮ್ಮ ಹಿಂದಿನಿಂದ ಇಣುಕಿ, “ಏನೂ ಇಲ್ಲದ ಜಾಗಕ್ಕೂ ಬೀಗ ಹಾಕ್ತಿದ್ದೀಯಾ?” ಅಂದ. ಹೋಗೋ ಅಂದೆ. ಹೋದ.

ಮಾರ್ಚ್ 15, ಶನಿವಾರ

ಕೆಲಸ ಸರಾಗ. ಐವತ್ತರವರೆಗೆ ಮುಗಿಯಿತು.

ಸಂಜೆ ಯಾಕೋ ಎರಡು ಲೋಟ ಚಹಾ ಮಾಡಿದ್ದೆ. ಒಂದು ಆರಿ ಹೋಯಿತು, ಚೆಲ್ಲಿದೆ.

ಮಾರ್ಚ್ 19, ಬುಧವಾರ

ನಿದ್ದೆ ಚೆನ್ನಾಗಿ ಬರುತ್ತಿದೆ. ಮನೆ ಇಷ್ಟು ನಿಶ್ಶಬ್ದವಾಗಿದ್ದರೆ ಯಾರಿಗೆ ಬರುವುದಿಲ್ಲ.

ಎರಡು ಸಲ ರಾಂಗ್ ನಂಬರ್. “ಬೀಗದವರಿದ್ದಾರಾ? ಅಂಗಡಿ ಐದು ದಿನದಿಂದ ತೆಗೆದಿಲ್ವಲ್ಲ.” ಬೀಗದವರು ಯಾರೂ ಇಲ್ಲ ಎಂದೆ. ಎರಡನೆಯವನು ವಾದಕ್ಕೇ ನಿಂತ, ಇಟ್ಟುಬಿಟ್ಟೆ.

ಮಾರ್ಚ್ 24, ಸೋಮವಾರ

ಪ್ರಿಂಟು ತೆಗೆದ ಹಾಳೆಗಳು ಎಲ್ಲೆಲ್ಲೂ ಹರಡಿಕೊಂಡಿವೆ. ಅವನ್ನಿಡಲು ಹಿಂದಿನ ಸಾಮಾನು ಕೋಣೆ ತೆರವು ಮಾಡೋಣ ಎಂದು ಬಾಗಿಲು ತೆಗೆದೆ. ಒಂದು ಮಂಚ, ಹೊದಿಕೆ ಅಸ್ತವ್ಯಸ್ತ. ಡ್ರಾಯರಿನ ತುಂಬ ಬೀಗಗಳು, ನೂರಕ್ಕೂ ಹೆಚ್ಚು ಕೀಲಿಗಳು. ಮಂಚದ ಕೆಳಗೆ ಗಂಡಸರ ಬೂಟು. ಅಮ್ಮನಿಗೆ ಸಿಕ್ಕಿದ್ದನ್ನೆಲ್ಲ ಕೂಡಿಡುವ ಚಟ ಇತ್ತು, ಇಷ್ಟೊಂದು ಅಂದುಕೊಂಡಿರಲಿಲ್ಲ. ಯಾರಿಗಾದರೂ ಕೊಟ್ಟುಬಿಡಬೇಕು. ದಿಂಬು ಎತ್ತಿದರೆ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಅಲ್ಲೇ ಎಷ್ಟೋ ಹೊತ್ತು ನಿಂತಿದ್ದೆ. ಯಾಕೆಂದು ಗೊತ್ತಿಲ್ಲ, ಹಾಳೆಗಳನ್ನು ಅಲ್ಲಿಡಲು ಮನಸ್ಸಾಗಲಿಲ್ಲ.

ಅಮ್ಮನ ನೆನಪಾಯಿತು. ಕೊನೆಯ ಮಧ್ಯಾಹ್ನ ಅವಳ ಹತ್ತಿರ ಯಾರೂ ಇರಲಿಲ್ಲವಲ್ಲ. ಏನಾದರೂ ಹೇಳಬೇಕೆಂದಿದ್ದಳೋ ಏನೋ, ಕೇಳಿಸಿಕೊಳ್ಳುವವರಿಲ್ಲದೆ ಹೋದಳು. ಈ ಮುಳ್ಳು ಮಾತ್ರ ನನ್ನಿಂದ ಹೊರಗೆ ಬರುವುದಿಲ್ಲ.

ಮಾರ್ಚ್ 28, ಶುಕ್ರವಾರ

ಅರವತ್ತನಾಲ್ಕೂ ಮುಗಿದವು. ಮೆಟ್ಟಿಲ ಮೇಲೆ ಎದುರುಮನೆಯ ಅಜ್ಜಿ ತಡೆದು, “ನಿನ್ನ ತಮ್ಮ ಎಲ್ಲಮ್ಮ, ಕಾಣಿಸ್ತಾನೇ ಇಲ್ಲ? ನನ್ನ ಪೆಟ್ಟಿಗೆ ಬೀಗ ಅವನ ಹತ್ರಾನೇ ಉಳೀತು” ಅಂದರು. ಅಜ್ಜಿಗೆ ವಯಸ್ಸಾಯಿತು. ಹೂಂ, ಹೇಳ್ತೀನಿ ಎಂದು ಸಾಗಹಾಕಿದೆ.

ಏಪ್ರಿಲ್ 1, ಮಂಗಳವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮೇಷ್ಟ್ರು ಕೊನೆಯ ಸಲ ನೋಡಲು ಬಂದಿದ್ದರು. ಪಕ್ಕದಲ್ಲೇ ಕೂತಿದ್ದರು. ಪ್ರೆಸ್ಸಿಗೆ ಕೊಡುವ ಮೊದಲು ಅಕ್ಷರಗಳೆಲ್ಲ ಒಂದೇ ಕಪ್ಪಿಗೆ ಬರಲೆಂದು ಇಡೀ ಕಡತ ಆಯ್ದು ಬಣ್ಣ ಕಪ್ಪು ಮಾಡುವುದು ನನ್ನ ಪದ್ಧತಿ. ಮಾಡಿದೆ. ನಲವತ್ತೊಂದರ ಎಡಗಡೆ ನಾಲ್ಕು ಸಾಲು ಎದ್ದು ನಿಂತವು.

ಮೇಷ್ಟ್ರ ಮುಖ ಬಿಳಿಚಿಕೊಂಡಿತು. “ಇದು ಯಾವತ್ತಿಂದ ಇದೆ?”

ಹದಿನೈದು ದಿನದ ಮೇಲಾಯಿತು, ಜಾಗ ನಿಲ್ಲಲೆಂದು ಹಾಕಿದ್ದೆ, ತೆಗೆಯಲು ಮರೆತೆ ಎಂದೆ. ಅವರು ಮನೆಯ ಸುತ್ತ ಕಣ್ಣಾಡಿಸಿದರು.

“ಈ ಮನೆಯಲ್ಲಿ ಯಾರ್ಯಾರಿದ್ದೀರಮ್ಮಾ?”

“ನಾನೊಬ್ಬಳೇ.”

 ಅವರು ಬಹಳ ಮೆಲ್ಲಗೆ, “ಮೊದಲನೇ ದಿನ ನನ್ನ ಚೀಲ ಎತ್ಕೊಂಡು ಬಂದವರು ಯಾರು?” ಅಂದರು.

ಯಾರೂ ಬಂದಿರಲಿಲ್ಲ, ನೀವೇ ತಂದಿರಿ ಎನ್ನಬೇಕೆಂದು ಬಾಯಿ ತೆರೆದೆ. ಆ ಮುದುಕರ ಕೈಗಳನ್ನು ನೋಡಿದೆ. ಮೂರು ಮಹಡಿ ಆ ಚೀಲ ಹೊರುವ ಕೈಗಳಲ್ಲ.  ನಾಲ್ಕು ಸಾಲನ್ನೂ ಅಳಿಸಿದೆ. ಅವರು ಹೋದ ಮೇಲೆ ಕಡತ ಮತ್ತೆ ಮತ್ತೆ ತೆರೆದು ನೋಡಿದೆ. ಅಲ್ಲೀಗ ಏನೂ ಇಲ್ಲ.

ಏಪ್ರಿಲ್ 2, ಬುಧವಾರ

ಈ ಡೈರಿಯನ್ನು ಮೊದಲಿಂದ ಓದಿದೆ. ಅಕ್ಷರ ನನ್ನದು. ತಮ್ಮ ಎನ್ನುವವನೊಬ್ಬ ಇದ್ದಾನೆ. ಶಿಳ್ಳೆ ಹಾಕುತ್ತಾನೆ, ಗೊರಕೆ ಹೊಡೆಯುತ್ತಾನೆ, ಬಿಸ್ಕತ್ತು ಮುಳುಗಿಸುತ್ತಾನೆ. ಅವನ ಮುಖ ನನಗೆ ನೆನಪಿಲ್ಲ. ಅಮ್ಮನ ಮಾತು ಹೇಳಿದ್ದಾನೆ, ಆ ಮಾತೂ ನೆನಪಿಲ್ಲ. ಗೋಡೆಯ ಫೋಟೋದಲ್ಲಿ ಅಮ್ಮನ ಎಡಕ್ಕೆ ನಾನು, ಬಲಕ್ಕೆ ಬರೀ ಗೋಡೆ. ಯಾರೋ ನಿಲ್ಲುವಷ್ಟು ಜಾಗ ಬಿಟ್ಟು ತೆಗೆದಿದ್ದಾರೆ.

ದಿನವೆಲ್ಲ ಮೆಟ್ಟಿಲಿಗೆ ಕಿವಿಕೊಟ್ಟು ಕೂತಿದ್ದೆ. ಯಾರೂ ಬರಲಿಲ್ಲ. ಅಳಿಸಿದರೆ ಸಾಲದು ಅಂತ ಕಾಣುತ್ತದೆ.

ಏಪ್ರಿಲ್ 3, ಗುರುವಾರ

ಮೂಲ ಹೋಗಿದೆ, ಅದರ ವ್ಯಾಖ್ಯಾನ, ಈ ಡೈರಿ, ನನ್ನ ಹತ್ತಿರ ಇದೆ. ನನಗೆ ಗೊತ್ತಿರುವ ಕೆಲಸ ಇದೊಂದೇ.

ಹೊಸ ಕಡತ ತೆರೆದು ಎರಡು ಖಾನೆಯ ಟೇಬಲ್ ಹಾಕಿದೆ. ಬಲಗಡೆ ಡೈರಿಯಲ್ಲಿ ಅವನ ಬಗ್ಗೆ ಇರುವ ಒಂದೊಂದು ಸಾಲನ್ನೂ ಟೈಪ್ ಮಾಡಿದೆ: ಚೀಲ, ಶಿಳ್ಳೆ, ಒಳಮೈ ಹೊರಗಾದ ಅಂಗಿ, ಬಿಸ್ಕತ್ತು, ಕೀಲಿ ಕಳೆದುಕೊಂಡ ಜನ, ಗೊರಕೆ, ಚಮಚ, ಬೀಗ ಹಾಕ್ತಿದ್ದೀಯಾ ಎಂದದ್ದು. ಎಡಗಡೆ ಖಾಲಿ ಬಿಟ್ಟೆ. ಒಂದು ಪುಟವೂ ತುಂಬಲಿಲ್ಲ. ಐವತ್ತು ವರ್ಷ ಜೊತೆಗಿದ್ದವನ ಬಗ್ಗೆ ಬರೆದದ್ದು ಅರ್ಧ ಪುಟ. ನಡುವೆ ಎಷ್ಟು ದಿನ ಬಿಟ್ಟಿದ್ದೇನೆ, ಬರೆಯುವಂಥದ್ದೇನೂ ನಡೆಯಲಿಲ್ಲ ಅಂತ.

ಏಪ್ರಿಲ್ 4, ಶುಕ್ರವಾರ

ಬಂದ.

ಸಂಜೆ ಮೆಟ್ಟಿಲ ಮೇಲೆ ಶಿಳ್ಳೆ ಕೇಳಿತು. ನಾನು ಯೋಚಿಸದೆಯೇ ಎದ್ದು ಚಹಾಕ್ಕೆ ನೀರಿಟ್ಟೆ, ಕೈ ತಾನೇ ಇಟ್ಟಿತು. ಬಾಗಿಲಲ್ಲಿ ಅವನನ್ನು ಕಂಡ ಕೂಡಲೇ ಮುಖ ನೆನಪಾಯಿತು, ಅಮ್ಮನದೇ ಮೂಗು. ಅಂಗಿ ಒಳಮೈ ಹೊರಗಿತ್ತು. ತಬ್ಬಿಕೊಂಡು ಅತ್ತುಬಿಟ್ಟೆ. ಅವನು ಬಿಸ್ಕತ್ತು ಅದ್ದಿ, “ಹೋಯ್ತು, ಇನ್ನೊಂದು ಮುಳುಗ್ತು” ಅಂದ. ಇಷ್ಟು ಒಳ್ಳೆಯ ಮಾತನ್ನು ನಾನು ಜನ್ಮದಲ್ಲಿ ಕೇಳಿಲ್ಲ.

ಏಪ್ರಿಲ್ 6, ಭಾನುವಾರ

ಇವತ್ತೂ ಅಂಗಿ ಒಳಮೈ ಹೊರಗೆ. ಸರಿಮಾಡಿ ಹಾಕಿಕೋ ಎಂದೆ. “ಬೀಗ ಎಲ್ಲಿ ಕೆಟ್ಟಿರುತ್ತೆ ಅಕ್ಕಯ್ಯಾ, ಜನ ಕೀಲಿ ಕಳ್ಕೊಂಡಿರ್ತಾರೆ ಅಷ್ಟೆ” ಅಂದ.

ಏಪ್ರಿಲ್ 7, ಸೋಮವಾರ

ಎದುರುಮನೆಯ ಅಜ್ಜಿಗೆ ಅವನು ಮೆಟ್ಟಿಲಲ್ಲಿ ಸಿಕ್ಕನಂತೆ. “ನನ್ನ ಬೀಗ ಎಲ್ಲೋ ಅಂದ್ರೆ, ಪುಸ್ತಕ ಇದೆಯೋ ತಿಜೋರಿ ಇದೆಯೋ ಅಂತಾನೆ. ಅದಿರ್ಲಿ, ಅವನ ಕಾಲು ಹೇಗೆ ವಾಸಿಯಾಯ್ತಮ್ಮ? ಚಿಕ್ಕಂದಿನಿಂದ ಕುಂಟ್ತಿದ್ದ, ಈಗ ಕುದುರೆ ಹಾಗೆ ಹತ್ತಿ ಬರ್ತಾನೆ.”

ಕುಂಟುತ್ತಿದ್ದನೇ? ಡೈರಿ ನೋಡಿದೆ. ಬರೆದಿಲ್ಲ. ದಿನಾ ನೋಡುವುದನ್ನು ಯಾರು ಬರೆಯುತ್ತಾರೆ.

ಯಾವ ಕಾಲೋ ನೆನಪಿಲ್ಲ, ಅಂದಾಜಿನ ಮೇಲೆ ಮಾರ್ಚ್ ಐದರ ಪುಟದ ಅಂಚಿನಲ್ಲಿ ಸಣ್ಣಗೆ ಸೇರಿಸಿದೆ: ಎಡಗಾಲು ಸ್ವಲ್ಪ ಎಳೆದು ನಡೆಯುತ್ತಾನೆ.

ಏಪ್ರಿಲ್ 8, ಮಂಗಳವಾರ

ಬೆಳಿಗ್ಗೆ ಕೋಣೆಯಿಂದ ಎಡಗಾಲು ಎಳೆಯುತ್ತ ಬಂದ. ನಾನು ಬರೆದ ಹಾಗೇ.

ಅಜ್ಜಿ ನೋಡಿ, “ಅಯ್ಯೋ, ಇವನದು ಬಲಗಾಲಲ್ವಾ?” ಅಂದರು.

ಏಪ್ರಿಲ್ 10, ಗುರುವಾರ

ಪುಸ್ತಕ ಪ್ರೆಸ್ಸಿಗೆ ಹೋಯಿತು. ನಲವತ್ತೊಂದರಲ್ಲಿ ಜಾಗ ಬಿಟ್ಟಿದ್ದೇನೆ. ಈ ಸಲ ಎತ್ತರ ಕಟ್ಟಿ ನಿಲ್ಲಿಸಿದೆ, ಫಾಂಟು ಬದಲಾದರೆ ಬದಲಾಗಲಿ, ಮತ್ತೆ ಅಳೆದರಾಯಿತು. ಮೇಷ್ಟ್ರು ಫೋನ್ ಮಾಡಿ, “ತಮ್ಮ ಬಂದರಾ?” ಎಂದು ಕೇಳಿದರು. ಬಂದ ಎಂದೆ. “ಪೂರ್ತಿ ಬಂದರಾ, ಎಷ್ಟು ಬಂದರು?” ಎಂದರು. 

ಏಪ್ರಿಲ್ 13, ಭಾನುವಾರ

ಇವತ್ತು ಧೈರ್ಯ ಮಾಡಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ. “ಅಮ್ಮ ನನ್ನ ಬಗ್ಗೆ ಏನೋ ಹೇಳಿದ್ದಳಲ್ಲ, ಇನ್ನೊಂದು ಸಲ ಹೇಳೋ.”

ಅವನು ಚಮಚ ಕೆಳಗಿಟ್ಟ. “ಕೊನೆಗೆ ಅಮ್ಮ ನಿನ್ನ ಬಗ್ಗೆ ಒಂದು ಮಾತು ಹೇಳಿದ್ರು ಅಕ್ಕಯ್ಯಾ” ಅಂದ. ಮುಖದಲ್ಲಿ ಎಂಥ ಪ್ರೀತಿ. ತುಟಿ ಅಲ್ಲಾಡಿತು. ಸದ್ದು ಬರಲಿಲ್ಲ. ಒಂದು ವಾಕ್ಯ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತುಟಿ ಅಲ್ಲಾಡಿ ನಿಂತಿತು. ಆಮೇಲೆ, “ಇಷ್ಟು ದಿನ ಹೇಳೋಕೆ ಧೈರ್ಯ ಬರ್ಲಿಲ್ಲ, ನೀನು ಅತ್ತುಬಿಡ್ತೀಯ ಅಂತ” ಅಂದ.

ಮತ್ತೆ ಕೇಳಿದೆ. ಮತ್ತೆ ಚಮಚ ಇಟ್ಟ, ಮತ್ತೆ ತುಟಿ. ಮೂರನೆಯ ಸಲ ನಾನು ಅವನ ಬಾಯಿಗೆ ಕಿವಿ ಹಚ್ಚಿದೆ. ಬಿಸಿ ಉಸಿರು ಮಾತ್ರ ತಾಗಿತು.

ಈಗ ಅವನು ಒಳಗೆ ಮಲಗಿದ್ದಾನೆ, ಗೊರಕೆ ಕೇಳುತ್ತಿದೆ. ನನ್ನ ಎದುರಿಗೆ ಮಾರ್ಚ್ ಹನ್ನೆರಡರ ಪುಟ ತೆರೆದಿದೆ. ‘ಒಂದೇ ವಾಕ್ಯ’ ಎಂದು ಬರೆದಿದ್ದೇನಲ್ಲ, ಅದರ ಪಕ್ಕ ಅಂಚಿನಲ್ಲಿ ಜಾಗ ಇದೆ. ಅಲ್ಲಿ ನಾನು ಏನು ಬರೆದರೂ ನಾಳೆ ಅವನು ಅದನ್ನೇ ಹೇಳುತ್ತಾನೆ, ಅಮ್ಮನ ಧ್ವನಿ ಹಿಡಿದೇ ಹೇಳುತ್ತಾನೆ. ನನಗೆ ಕೇಳಬೇಕಾದ ಮಾತು ಯಾವುದೆಂದು ನನಗೆ ಗೊತ್ತು. “ಅವಳನ್ನು ಕೆಲಸಕ್ಕೆ ಕಳಿಸಿದ್ದು ನಾನೇ, ಅವಳ ತಪ್ಪಿಲ್ಲ ಅಂತ ಹೇಳು.” ಇಷ್ಟು ಬರೆದರೆ ಸಾಕು. ಪೆನ್ನು ಕೈಯಲ್ಲೇ ಇದೆ.

ಆದರೆ ಬರೆದ ಮೇಲೆ ಅದು ನನ್ನ ಮಾತಾಗುತ್ತದೆ. ಎಡಗಾಲಿನ ಹಾಗೆ. ಅಮ್ಮ ನಿಜವಾಗಿ ಹೇಳಿದ್ದು ಅವನ ಬಲಗಾಲಿನ ಕುಂಟಿನ ಹಾಗೆ ಎಲ್ಲೋ ಉಳಿದುಬಿಡುತ್ತದೆ, ಮತ್ತೆಂದೂ ಬರುವುದಿಲ್ಲ. ಅದನ್ನು ಕೇಳಿ ನಾನು ಅತ್ತೆ, ನಕ್ಕೆ, ಮತ್ತೆ ಅತ್ತೆ. ಇವತ್ತು ಎದೆ ಹಗುರವಾಗಿದೆ ಎಂದು ನನ್ನದೇ ಅಕ್ಷರದಲ್ಲಿದೆ. ಅಂದರೆ ಒಳ್ಳೆಯ ಮಾತೇ ಇದ್ದಿರಬೇಕು. ಅಷ್ಟು ನನಗೆ ಸಿಕ್ಕಿದೆ.

ಸ್ಕೇಲು ಹಿಡಿದು ಆ ಜಾಗದ ಸುತ್ತ ಸಣ್ಣ ಚೌಕ ಎಳೆದೆ, ನಾನೇ ಆಗಲಿ ಮರೆತು ಅಲ್ಲಿ ಬರೆಯಬಾರದೆಂದು. ಒಳಗೆ ಏನೂ ಬರೆಯಲಿಲ್ಲ. ನಾಳೆ ಮಧ್ಯಾಹ್ನ ಇಬ್ಬರಿಗೂ ಅಡುಗೆ ಮಾಡಿ ಅವನನ್ನು ಊಟಕ್ಕೆ ಕರೆಯುತ್ತೇನೆ. ಅವನು ಚಮಚ ಕೆಳಗಿಟ್ಟಾಗ ಸುಮ್ಮನೆ ಕೂತು ಕೇಳಿಸಿಕೊಳ್ಳುತ್ತೇನೆ.